ಬಿಷಪರು ಕಟ್ಟದ ಪಕ್ಷ: ಕ್ರಿಶ್ಚಿಯನ್ ಡೆಮಾಕ್ರಟಿಕ್ ರಾಜಕೀಯ ಹುಟ್ಟಿದ್ದು ಶಾಲೆಯ ಜಗಳದಲ್ಲಿ

ಪ್ರಶ್ನೆ: ನಾನು ಹಾಸನದಲ್ಲಿ ಪದವಿ ತರಗತಿಯಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಈ ವರ್ಷ ನಮ್ಮ ಕಾಲೇಜಿನ ಅಣಕು ಸಂಸತ್ತಿಗೆ ಯೂರೋಪಿನ ಒಂದು ಕಲ್ಪಿತ ದೇಶವನ್ನು ಆರಿಸಿಕೊಂಡಿದ್ದೇವೆ. ಚಿಕ್ಕ ದೇಶ, ಜನರಲ್ಲಿ ಅರ್ಧದಷ್ಟು ಕ್ಯಾಥೊಲಿಕರು, ಉಳಿದವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಅಲ್ಲಿಯ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘1880ರಲ್ಲಿ ಬಿಷಪರು ಸಭೆ ಸೇರಿ ಪಕ್ಷ ಸ್ಥಾಪಿಸಿದರು, ಅದು ಜಮೀನ್ದಾರರ ಮತ್ತು ಉದ್ಯಮಿಗಳ ಪಕ್ಷವಾಗಿ ಬೆಳೆಯಿತು, ಇಂದಿಗೂ ಚರ್ಚಿನ ಮಾತಿನಂತೆ ನಡೆಯುತ್ತದೆ’ ಎಂದು ಬರೆದಿದ್ದೇನೆ. ಇದು ನಂಬುವಂತಿದೆಯೇ? ಧರ್ಮದ ಹೆಸರಿಟ್ಟುಕೊಂಡ ಪಕ್ಷ ಪ್ರಜಾಪ್ರಭುತ್ವದಲ್ಲಿ ಅಷ್ಟು ವರ್ಷ ಆಳಿದ್ದು ಹೇಗೆ? ಅಂಥ ಪಕ್ಷ ನಮ್ಮಲ್ಲಿ ಏಕೆ ಹುಟ್ಟಲಿಲ್ಲ?

ಉತ್ತರ: ಮೊದಲು ಬಿಷಪರನ್ನು ಆ ಸಭೆಯಿಂದ ಎಬ್ಬಿಸಿ ಕಳುಹಿಸಿ. ನೀವು ಆರಿಸಿದ ಇಸವಿ ಚೆನ್ನಾಗಿದೆ, ಸ್ಥಾಪಕರು ಮಾತ್ರ ಸರಿಯಿಲ್ಲ. ಯೂರೋಪಿನಲ್ಲಿ ನಿಜವಾಗಿ ನಡೆದದ್ದನ್ನು ನೋಡಿದರೆ ಬಿಷಪರು ಇಂಥ ಪಕ್ಷವನ್ನು ಬಯಸಿದವರಲ್ಲ. ಅನೇಕ ಕಡೆ ಅದಕ್ಕೆ ಹೆದರಿದವರು. ಕ್ಯಾಥೊಲಿಕರ ಪರವಾಗಿ ಸಂಸತ್ತಿನಲ್ಲಿ ಮಾತನಾಡುವ, ಚುನಾವಣೆಯಲ್ಲಿ ಗೆದ್ದು ಬಂದ ಸಾಮಾನ್ಯ ಗೃಹಸ್ಥನೊಬ್ಬ ಇದ್ದರೆ ಬಿಷಪರ ಮಾತಿಗೆ ಬೆಲೆ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ರೋಮ್, ಅಂದರೆ ಪೋಪರ ಆಡಳಿತ ಕೂಡ ರಾಜರ ಜೊತೆ, ಸರ್ಕಾರಗಳ ಜೊತೆ ನೇರವಾಗಿ ಒಪ್ಪಂದ ಮಾಡಿಕೊಳ್ಳುವುದನ್ನೇ ಇಷ್ಟಪಡುತ್ತಿತ್ತು. ಇನ್ನು ಸಂಪ್ರದಾಯವಾದಿ ರಾಜಕಾರಣಿಗಳಿಗೆ ಚರ್ಚಿನ ಮತ ಬೇಕಿತ್ತು, ಚರ್ಚಿನ ಹಣೆಪಟ್ಟಿ ಬೇಕಿರಲಿಲ್ಲ. ಹೀಗೆ ದೊಡ್ಡವರು ಯಾರೂ ಬಯಸದ ಪಕ್ಷವೊಂದು ಹುಟ್ಟಿಕೊಂಡಿತು. ಅದನ್ನು ಕಟ್ಟಿದವರು ಊರಿನ ಶಾಲಾ ಸಮಿತಿಯವರು, ಪತ್ರಿಕೆ ನಡೆಸುವವರು, ಕೆಳಹಂತದ ಪಾದ್ರಿಗಳು, ವಕೀಲರು. ಅವರನ್ನು ಒಟ್ಟುಗೂಡಿಸಿದ್ದು ಸರ್ಕಾರ ಶಾಲೆಯ ಮೇಲೆ ಕೈಯಿಟ್ಟ ಗಳಿಗೆ. ಆದ್ದರಿಂದ ನಿಮ್ಮ ಕಲ್ಪಿತ ದೇಶದ ಕಥೆ ಇಗರ್ಜಿಯಿಂದ ಆರಂಭವಾಗುವುದು ಬೇಡ, ಶಾಲೆಯಿಂದ ಆರಂಭವಾಗಲಿ.

ಏಕೆ ಶಾಲೆ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉದಾರವಾದಿಗಳ ಕೈಯಲ್ಲಿ ಅಧಿಕಾರವಿತ್ತು. ಅನೇಕ ದೇಶಗಳಲ್ಲಿ ಆಸ್ತಿ ಇರುವವರಿಗೆ ಮಾತ್ರ ಮತದಾನದ ಹಕ್ಕಿದ್ದ ಕಾಲ ಅದು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ: ಪಾದ್ರಿಯ ಹಿಡಿತದಿಂದ ಮಗುವನ್ನು ಬಿಡಿಸಿ, ವಿಜ್ಞಾನ ಕಲಿಸಿ, ದೇಶದ ಪ್ರಜೆಯನ್ನಾಗಿ ಮಾಡುವುದು. ಆದರೆ ಹಳ್ಳಿಯ ಬಡ ರೈತನ ಕಣ್ಣಿಗೆ ಅದು ಬೇರೆಯೇ ಆಗಿ ಕಂಡಿತು. ತನಗೆ ಓಟೇ ಇಲ್ಲದ ಸಂಸತ್ತು, ತನ್ನ ತೆರಿಗೆಯ ಹಣದಲ್ಲಿ, ತನ್ನ ಮಗುವಿಗೆ ದೇವರ ಪಾಠ ಬೇಡವೆಂದು ತೀರ್ಮಾನಿಸುತ್ತಿದೆ ಎಂದು. ತೆರಿಗೆ, ಮಗು, ದೇವರು ಈ ಮೂರೂ ಒಂದೇ ಪ್ರಶ್ನೆಯಲ್ಲಿ ಸೇರಿದರೆ ರಾಜಕೀಯದ ಗೋಜಿಗೆ ಹೋಗದ ಮನುಷ್ಯನೂ ಸಭೆಗೆ ಬರುತ್ತಾನೆ.

ಬೆಲ್ಜಿಯಂ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. 1879ರಲ್ಲಿ ಅಲ್ಲಿಯ ಉದಾರವಾದಿ ಸರ್ಕಾರ ಪ್ರತಿ ಸ್ಥಳೀಯ ಆಡಳಿತವೂ ಧರ್ಮನಿರಪೇಕ್ಷ ಪ್ರಾಥಮಿಕ ಶಾಲೆ ನಡೆಸಬೇಕೆಂದು ಕಾನೂನು ಮಾಡಿ, ಧರ್ಮದ ಪಾಠವನ್ನು ಕಡ್ಡಾಯ ಪಠ್ಯದಿಂದ ತೆಗೆಯಿತು. ಕ್ಯಾಥೊಲಿಕರು ಅದನ್ನು ‘ದೌರ್ಭಾಗ್ಯದ ಕಾನೂನು’ ಎಂದು ಕರೆದರು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಶಿಕ್ಷಕರಿಗೆ, ಮಕ್ಕಳನ್ನು ಕಳುಹಿಸುವ ತಂದೆ ತಾಯಿಗೆ ಪರಮಪ್ರಸಾದದಂಥ ಚರ್ಚಿನ ಸಂಸ್ಕಾರಗಳನ್ನು ಕೊಡುವುದಿಲ್ಲವೆಂದು ಬಿಷಪರು ಹಟ ಹಿಡಿದರು. 1880ರಲ್ಲಿ ಬೆಲ್ಜಿಯಂ ವ್ಯಾಟಿಕನ್ ಜೊತೆಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಊರೂರಿನಲ್ಲಿ ಚಂದಾ ಎತ್ತಿ ಕ್ಯಾಥೊಲಿಕ್ ಶಾಲೆಗಳನ್ನು ತೆರೆದರು. ಚಂದಾ ಎತ್ತಿದ ಸಮಿತಿಗಳೇ ಮುಂದೆ ಚುನಾವಣಾ ಸಮಿತಿಗಳಾದವು. 1884ರಲ್ಲಿ ಕ್ಯಾಥೊಲಿಕ್ ಪಕ್ಷ ಗೆದ್ದು ಮೊದಲ ಮಹಾಯುದ್ಧದವರೆಗೆ, ಅಂದರೆ ಮೂವತ್ತು ವರ್ಷ, ಒಂಟಿಯಾಗಿ ಆಳಿತು. ಅಲ್ಲಿಗೂ ಜಗಳ ಮುಗಿಯಲಿಲ್ಲ. 1950ರ ದಶಕದಲ್ಲಿ ಅದೇ ಪ್ರಶ್ನೆ ಮತ್ತೆ ಭುಗಿಲೆದ್ದು, 1958ರ ಶಾಲಾ ಒಪ್ಪಂದದಿಂದ ತಣ್ಣಗಾಯಿತು.

ನಿಮ್ಮ ದೇಶದಲ್ಲಿ ಎರಡೂ ಪಂಥದವರು ಇರುವುದರಿಂದ ನೆದರ್ಲೆಂಡ್ಸ್ ನಿಮಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. 1878ರಲ್ಲಿ ಅಲ್ಲಿ ಬಂದ ಶಿಕ್ಷಣ ಕಾನೂನು ಕಟ್ಟಡ, ಶಿಕ್ಷಕರ ಅರ್ಹತೆ ಮುಂತಾದ ನಿಯಮಗಳನ್ನು ಬಿಗಿ ಮಾಡಿತು. ಖರ್ಚು ಏರಿತು, ಸರ್ಕಾರಿ ಶಾಲೆಗೆ ಖಜಾನೆಯ ಹಣ ಬಂತು, ಧಾರ್ಮಿಕ ಶಾಲೆಗಳು ತಮ್ಮ ಹಣವನ್ನು ತಾವೇ ಹೊಂದಿಸಿಕೊಳ್ಳಬೇಕಾಯಿತು. ಕಾನೂನಿಗೆ ಸಹಿ ಹಾಕಬೇಡಿ ಎಂದು ಮೂರು ಲಕ್ಷಕ್ಕೂ ಹೆಚ್ಚು ಪ್ರಾಟೆಸ್ಟೆಂಟರು ರಾಜನಿಗೆ ಮನವಿ ಕೊಟ್ಟರು. ಅವರಲ್ಲಿ ಬಹುಪಾಲು ಜನರಿಗೆ ಮತದಾನದ ಹಕ್ಕೇ ಇರಲಿಲ್ಲ. ರಾಜ ಸಹಿ ಹಾಕಿದ. ಮರುವರ್ಷವೇ, 1879ರಲ್ಲಿ, ಪ್ರಾಟೆಸ್ಟೆಂಟರಲ್ಲೇ ಒಂದಾದ ಕ್ಯಾಲ್ವಿನ್ ಪಂಥದ ಪಾದ್ರಿ ಅಬ್ರಹಾಂ ಕೈಪರ್ ತಮ್ಮ ಪಕ್ಷವನ್ನು ಕಟ್ಟಿದರು. ಹೆಸರು ‘ಕ್ರಾಂತಿವಿರೋಧಿ ಪಕ್ಷ’. ಅವರು ವಿರೋಧಿಸಿದ್ದು ಫ್ರೆಂಚ್ ಕ್ರಾಂತಿಯ ದೇವರಿಲ್ಲದ ರಾಜ್ಯದ ಕಲ್ಪನೆಯನ್ನು. ಆದರೆ ಪಕ್ಷ ಕಟ್ಟಿದ ರೀತಿ ಆ ದೇಶದಲ್ಲಿ ಹಿಂದೆ ಯಾರೂ ಕಂಡಿರದಷ್ಟು ಹೊಸದಾಗಿತ್ತು. ಊರೂರಿಗೆ ಶಾಖೆ, ಲಿಖಿತ ಕಾರ್ಯಕ್ರಮ, ದಿನಪತ್ರಿಕೆ, 1880ರಲ್ಲಿ ಸ್ವಂತ ವಿಶ್ವವಿದ್ಯಾಲಯ. ನೆದರ್ಲೆಂಡ್ಸ್‌ನ ಮೊದಲ ಆಧುನಿಕ ಜನಪಕ್ಷವನ್ನು ಕಟ್ಟಿದ್ದು ಕ್ರಾಂತಿಯ ಹೆಸರು ಕೇಳಿದರೆ ಸಿಡಿಮಿಡಿಗೊಳ್ಳುತ್ತಿದ್ದ ಪಾದ್ರಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮೂರು ಶತಮಾನಗಳ ಹಗೆ ಇದ್ದರೂ ಕೈಪರ್ ಕ್ಯಾಥೊಲಿಕರ ಜೊತೆ ಕೈಜೋಡಿಸಿದರು. 1888ರಲ್ಲಿ ಎರಡೂ ಕಡೆಯವರ ಮೈತ್ರಿ ಸರ್ಕಾರ ಬಂತು. 1889ರ ಕಾನೂನು ಧಾರ್ಮಿಕ ಶಾಲೆಗಳಿಗೆ ಮೊದಲ ಬಾರಿಗೆ ಸರ್ಕಾರಿ ಅನುದಾನ ಕೊಟ್ಟಿತು. ಕೊನೆಯ ತೀರ್ಮಾನ ಆದದ್ದು 1917ರಲ್ಲಿ, ಒಂದು ದೊಡ್ಡ ಕೊಡುಕೊಳ್ಳುವಿಕೆಯಿಂದ: ಧಾರ್ಮಿಕ ಪಕ್ಷಗಳಿಗೆ ಶಾಲೆಗಳ ಸಮಾನ ಅನುದಾನ, ಸಮಾಜವಾದಿಗಳಿಗೆ ಮತ್ತು ಉದಾರವಾದಿಗಳಿಗೆ ಎಲ್ಲ ಗಂಡಸರ ಮತದಾನದ ಹಕ್ಕು. ಆಮೇಲೆ ಸುಮಾರು ಅರ್ಧ ಶತಮಾನ ಡಚ್ಚರು ತಮ್ಮ ತಮ್ಮ ಪಂಥದ ಶಾಲೆ, ಆಸ್ಪತ್ರೆ, ಕಾರ್ಮಿಕ ಸಂಘ, ಪತ್ರಿಕೆ, ರೇಡಿಯೊ ಎಲ್ಲವನ್ನೂ ಪ್ರತ್ಯೇಕವಾಗಿ ನಡೆಸಿಕೊಂಡು ಬದುಕಿದರು. ಮಠದ ಶಾಲೆ, ಮಠದ ಹಾಸ್ಟೆಲ್, ಸಮುದಾಯದ ಸಹಕಾರ ಬ್ಯಾಂಕು ಇವುಗಳನ್ನು ಕಂಡು ಬೆಳೆದ ಕರ್ನಾಟಕದ ವಿದ್ಯಾರ್ಥಿಗೆ ಈ ವ್ಯವಸ್ಥೆ ಅರ್ಥವಾಗದೆ ಇರದು. ಕೈಪರ್ 1901ರಿಂದ 1905ರವರೆಗೆ ಪ್ರಧಾನಿಯಾಗಿದ್ದರು. ಅವರನ್ನು ಸಂತನನ್ನಾಗಿ ಮಾಡಬೇಡಿ: 1903ರಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದಾಗ ಅಂಥ ಮುಷ್ಕರವನ್ನು ಅಪರಾಧವಾಗಿಸುವ ಕಾನೂನು ತಂದವರು ಅವರೇ.

ಜರ್ಮನಿಯ ದಾರಿ ಇದಕ್ಕಿಂತ ಕಠಿಣ. ಅಲ್ಲಿ ಕ್ಯಾಥೊಲಿಕರು ಸುಮಾರು ಮೂರನೇ ಒಂದು ಭಾಗ. 1870ರಲ್ಲಿ ಅವರು ‘ಸೆಂಟ್ರುಮ್’ ಎಂಬ ಪಕ್ಷ ಕಟ್ಟಿಕೊಂಡರು. ಚಾನ್ಸಲರ್ ಬಿಸ್ಮಾರ್ಕ್ ಅವರನ್ನು ಸಾಮ್ರಾಜ್ಯದ ಶತ್ರುಗಳೆಂದು ಬಗೆದು ಜೆಸ್ವಿಟರೆಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘವನ್ನು ನಿಷೇಧಿಸಿದ, ಪಾದ್ರಿಗಳ ತರಬೇತಿಯನ್ನು ಸರ್ಕಾರದ ಹಿಡಿತಕ್ಕೆ ತಂದ, ಬಗ್ಗದ ಬಿಷಪರನ್ನು ಜೈಲಿಗೆ ಹಾಕಿದ. 1874ರ ಚುನಾವಣೆಯಲ್ಲಿ ಆ ಪಕ್ಷದ ಬಲ ಕುಗ್ಗುವ ಬದಲು ಹೆಚ್ಚಿತು. ಅದರ ನಾಯಕ ಲುಡ್‌ವಿಗ್ ವಿಂಟ್‌ಹೋರ್ಸ್ಟ್ ಕುಳ್ಳಗಿನ, ಕಣ್ಣು ಮಂಜಾದ ವಕೀಲ. ತನ್ನವರಿಗೆ ಕೇಳಿದ ಸ್ವಾತಂತ್ರ್ಯವನ್ನು ಪೋಲಿಷರಿಗೂ ಯಹೂದಿಗಳಿಗೂ ಕೇಳಿದ ಮನುಷ್ಯ; ಸಮಾಜವಾದಿಗಳನ್ನು ಹತ್ತಿಕ್ಕುವ ಕಾನೂನನ್ನೂ ಆತ ವಿರೋಧಿಸಿದ. ಈ ಪರಂಪರೆಯಲ್ಲಿ ನಾನು ಹೆಚ್ಚು ಗೌರವಿಸುವ ವ್ಯಕ್ತಿ ಇವನು.

‘ಚರ್ಚಿನ ಮಾತಿನಂತೆ ನಡೆಯುತ್ತದೆ’ ಎಂಬ ನಿಮ್ಮ ವಾಕ್ಯಕ್ಕೂ ಉತ್ತರ ಇವನಲ್ಲೇ ಇದೆ. 1887ರಲ್ಲಿ ಬಿಸ್ಮಾರ್ಕನ ಸೇನಾ ಮಸೂದೆಯನ್ನು ಬೆಂಬಲಿಸಿ ಎಂದು ಪೋಪ್ ಹದಿಮೂರನೆಯ ಲಿಯೋ ತಿಳಿಸಿದಾಗ ವಿಂಟ್‌ಹೋರ್ಸ್ಟ್ ಒಪ್ಪಲಿಲ್ಲ. ಧರ್ಮದ ವಿಷಯದಲ್ಲಿ ಪೋಪರ ಮಾತು, ಸಂಸತ್ತಿನ ವಿಷಯದಲ್ಲಿ ನಮ್ಮ ತೀರ್ಮಾನ ಎಂಬುದು ಅವನ ನಿಲುವು. ಇಟಲಿಯಲ್ಲಿ ಇದು ಇನ್ನೂ ನೋವಿನ ಕಥೆ. 1870ರಲ್ಲಿ ರೋಮ್ ನಗರ ಪೋಪರ ಕೈಬಿಟ್ಟ ಮೇಲೆ, ಹೊಸ ಇಟಲಿಯ ಸಂಸತ್ ಚುನಾವಣೆಯಲ್ಲಿ ಕ್ಯಾಥೊಲಿಕರು ಮತ ಹಾಕಕೂಡದೆಂಬ ನಿಷೇಧವಿತ್ತು. ಅದು ಪೂರ್ತಿಯಾಗಿ ತೆರವಾದದ್ದು 1919ರಲ್ಲಿ. ಅದೇ ವರ್ಷ ಸಿಸಿಲಿಯ ಪಾದ್ರಿ ಲುಯಿಜಿ ಸ್ಟುರ್ಜೊ ಕಟ್ಟಿದ ಪೀಪಲ್ಸ್ ಪಾರ್ಟಿ ಮೊದಲ ಚುನಾವಣೆಯಲ್ಲೇ 100 ಸ್ಥಾನ ಗೆದ್ದಿತು. ಮುಸ್ಸೊಲಿನಿ ಬಂದಾಗ ಸ್ಟುರ್ಜೊ ಎದುರು ನಿಂತರು, ವ್ಯಾಟಿಕನ್ ಅವರ ಜೊತೆ ನಿಲ್ಲಲಿಲ್ಲ. 1923ರಲ್ಲಿ ಅವರು ಪಕ್ಷದ ಹುದ್ದೆ ಬಿಡಬೇಕಾಯಿತು, 1924ರಲ್ಲಿ ದೇಶವನ್ನೇ ಬಿಡಬೇಕಾಯಿತು. ವ್ಯಾಟಿಕನ್ 1929ರಲ್ಲಿ ಮುಸ್ಸೊಲಿನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಸ್ಟುರ್ಜೊ ಮರಳಿ ಬಂದದ್ದು 1946ರಲ್ಲಿ. ಮುಂದೆ 1952ರಲ್ಲಿ ರೋಮ್ ನಗರಸಭೆ ಚುನಾವಣೆಗೆ ಕಡುಬಲಪಂಥೀಯರ ಜೊತೆ ಹೊಂದಿಕೊಳ್ಳಬೇಕೆಂಬ ಒತ್ತಡ ವ್ಯಾಟಿಕನ್ನಿನಿಂದ ಬಂದಾಗ ಪ್ರಧಾನಿ ಅಲ್ಚಿದೆ ದೆ ಗಾಸ್ಪೆರಿ ನಿರಾಕರಿಸಿದರು. ದಿನವೂ ಪ್ರಾರ್ಥನೆ ಮಾಡುವ ಆ ಮನುಷ್ಯನಿಗೆ ಆಮೇಲೆ ಪೋಪರ ಭೇಟಿಯೂ ಸಿಗಲಿಲ್ಲ.

ಈಗ ‘ಜಮೀನ್ದಾರರ ಮತ್ತು ಉದ್ಯಮಿಗಳ ಪಕ್ಷ’ ಎಂಬ ಮಾತು. ಇದು ಅರ್ಧ ನಿಜ. ಆ ಅರ್ಧದ ಜೊತೆ ಗುದ್ದಾಡುವ ಇನ್ನೊಂದು ಅರ್ಧವನ್ನು ನೀವು ಬರೆಯಲೇಬೇಕು. ಈ ಪಕ್ಷಗಳಲ್ಲಿ ಗಿರಣಿ ಮಾಲೀಕನೂ ಇದ್ದ, ಗಿರಣಿ ಕೂಲಿಯವನೂ ಇದ್ದ. ಇಬ್ಬರೂ ಭಾನುವಾರ ಚರ್ಚಿನ ಒಂದೇ ಪೂಜೆಗೆ ಬರುತ್ತಿದ್ದರು. 1891ರ ಮೇ ತಿಂಗಳಲ್ಲಿ ಪೋಪ್ ಲಿಯೋ ಹೊರಡಿಸಿದ ‘ರೇರುಂ ನೊವಾರುಂ’ ಎಂಬ ಸುತ್ತೋಲೆ ಖಾಸಗಿ ಆಸ್ತಿಯನ್ನು ಎತ್ತಿ ಹಿಡಿಯಿತು, ಸಮಾಜವಾದವನ್ನು ತಿರಸ್ಕರಿಸಿತು. ಅದೇ ಉಸಿರಿನಲ್ಲಿ ಕಾರ್ಮಿಕನಿಗೆ ಬದುಕುವಷ್ಟು ಕೂಲಿ ಸಿಗಬೇಕು, ಸಂಘ ಕಟ್ಟಿಕೊಳ್ಳುವ ಹಕ್ಕು ಬೇಕು ಎಂದಿತು. ಕೂಲಿಯವರು ಎರಡನೆಯ ಭಾಗವನ್ನು ಓದಿದರು, ಮಾಲೀಕರು ಮೊದಲನೆಯದನ್ನು. ಬೆಲ್ಜಿಯಂನ ಆಲ್ಸ್ಟ್ ಎಂಬ ನೂಲಿನ ಗಿರಣಿಗಳ ಊರಿನಲ್ಲಿ ಪಾದ್ರಿ ಆಡೋಲ್ಫ್ ಡಾನ್ಸ್ ಆ ಸುತ್ತೋಲೆಯನ್ನು ನಂಬಿ ಕಾರ್ಮಿಕರ ಪರವಾಗಿ ನಿಂತು 1894ರಲ್ಲಿ ಸಂಸತ್ತಿಗೆ ಆರಿಸಿಬಂದರು. ಅವರ ವಿರುದ್ಧ ನಿಂತದ್ದು ಕ್ಯಾಥೊಲಿಕ್ ಪಕ್ಷದ ಶ್ರೀಮಂತರೇ. ಕೊನೆಗೆ ಬಿಷಪರು ಅವರಿಗೆ ಪೂಜೆ ಮಾಡುವ ಅಧಿಕಾರವನ್ನೂ ಕಿತ್ತುಕೊಂಡರು. ಪೋಪ್ ಲಿಯೋ ಕೂಡ 1901ರಲ್ಲಿ, ‘ಕ್ರೈಸ್ತ ಪ್ರಜಾಪ್ರಭುತ್ವ’ ಎಂದರೆ ಬಡವರ ಹಿತಕ್ಕಾಗಿ ಮಾಡುವ ಸೇವೆ ಎಂದಷ್ಟೇ ತಿಳಿಯಬೇಕು, ಅದಕ್ಕೆ ರಾಜಕೀಯದ ಅರ್ಥ ಹಚ್ಚಬಾರದು ಎಂದು ಎಚ್ಚರಿಸಿದರು. ನಿಮ್ಮ ಪಕ್ಷದೊಳಗೆ ಡಾನ್ಸ್ ಅವರಂಥ ಒಬ್ಬ ಪಾದ್ರಿ ಇರಲಿ, ಅವನನ್ನು ಮೂಲೆಗೆ ತಳ್ಳಿದ ಕಳಂಕವೂ ಇರಲಿ.

ರೈತರ ಕಡೆಗೆ ಒಂದು ಮಾತು, ಏಕೆಂದರೆ ಇದು ನಮ್ಮ ಊರುಗಳವರೆಗೂ ಬಂದಿದೆ. ಬಡ್ಡಿಯವರ ಕೈಯಿಂದ ರೈತರನ್ನು ಬಿಡಿಸಲು ಪ್ರಾಟೆಸ್ಟೆಂಟ್ ಭಕ್ತನಾಗಿದ್ದ ಮೇಯರ್ ಫ್ರೀಡ್ರಿಕ್ ರೈಫೈಸೆನ್ 1860ರ ದಶಕದಲ್ಲಿ ಜರ್ಮನಿಯ ಹಳ್ಳಿಗಳಲ್ಲಿ ಪತ್ತಿನ ಸಂಘಗಳನ್ನು ಆರಂಭಿಸಿದ. ಅವನು ಪಕ್ಷ ಕಟ್ಟಿದವನಲ್ಲ. ಆದರೆ ಅಂಥ ಹಳ್ಳಿ ಬ್ಯಾಂಕುಗಳನ್ನು ಇಟಲಿ, ಬೆಲ್ಜಿಯಂ ಕಡೆ ಪಾದ್ರಿಗಳೇ ಮುಂದೆ ನಿಂತು ನಡೆಸಿದರು. ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷಗಳ ಹಳ್ಳಿಯ ಬೇರು ಅಲ್ಲಿದೆ. ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪಿನ ಈ ಸಂಘಗಳನ್ನು ಅಭ್ಯಾಸ ಮಾಡಿ ಬರೆದ ವರದಿ, ಇಲ್ಲಿಗೂ ರೈಫೈಸೆನ್ ಬೇಕು ಎಂದು ಹೇಳಿತು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಂಘ ಶುರುವಾಯಿತು. ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ವಂಶಾವಳಿ ಹುಡುಕಿದರೆ ಅದೇ ಜರ್ಮನ್ ಹಳ್ಳಿಗೆ ಹೋಗಿ ಮುಟ್ಟುತ್ತದೆ.

1920ರಿಂದ 1945ರವರೆಗಿನ ಕಾಲವನ್ನು ಒಂದು ಸಾಲಿನಲ್ಲಿ ದಾಟಿಸಬೇಡಿ. ಬಹಳ ವಿದ್ಯಾರ್ಥಿಗಳು ಹಾಗೆ ಮಾಡುತ್ತಾರೆ, ಅದು ಸತ್ಯಕ್ಕೆ ಬಗೆಯುವ ಅನ್ಯಾಯ. 1933ರ ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಕಾನೂನು ಮತಕ್ಕೆ ಬಂದಾಗ ವಿಂಟ್‌ಹೋರ್ಸ್ಟನ ಪಕ್ಷವಾದ ಸೆಂಟ್ರುಮ್ ಪರವಾಗಿ ಮತ ಹಾಕಿತು. ವಿರೋಧಿಸಿ ಮತ ಹಾಕಿದವರು 94 ಮಂದಿ ಸೋಶಿಯಲ್ ಡೆಮಾಕ್ರಟರು ಮಾತ್ರ. ಜುಲೈನಲ್ಲಿ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಆಸ್ಟ್ರಿಯಾದ ಕ್ರಿಶ್ಚಿಯನ್ ಸೋಶಿಯಲ್ ಪಕ್ಷದ ಕಥೆ ಇನ್ನೂ ಹಳೆಯ ವಿಷ: 1897ರಿಂದ 1910ರವರೆಗೆ ವಿಯೆನ್ನಾದ ಮೇಯರ್ ಆಗಿದ್ದ ಕಾರ್ಲ್ ಲುಯೆಗರ್ ಯಹೂದಿ ದ್ವೇಷವನ್ನೇ ಓಟಿನ ಬಂಡವಾಳ ಮಾಡಿಕೊಂಡವನು, ಅದೇ ಪಕ್ಷದ ಚಾನ್ಸಲರ್ ಡೋಲ್‌ಫುಸ್ 1933ರಲ್ಲಿ ಸಂಸತ್ತನ್ನು ಮುಚ್ಚಿದ. ಸ್ಲೊವಾಕಿಯಾದಲ್ಲಿ ಹಿಟ್ಲರನ ನೆರಳಿನ ರಾಜ್ಯಕ್ಕೆ ಅಧ್ಯಕ್ಷನಾದ ಯೋಜೆಫ್ ಟಿಸೊ ಸ್ವತಃ ಪಾದ್ರಿ. ಧರ್ಮದ ಹೆಸರಿನಲ್ಲಿ ಸಂಘಟಿತರಾದ ಜನ ಪ್ರಜಾಪ್ರಭುತ್ವದ ಪರವಾಗಿಯೇ ನಿಲ್ಲುತ್ತಾರೆ ಎಂಬ ಖಾತ್ರಿ ಎಲ್ಲಿಯೂ ಇರಲಿಲ್ಲ. ನಿಮ್ಮ ಕಲ್ಪಿತ ಪಕ್ಷ ಆ ವರ್ಷಗಳಲ್ಲಿ ಏನು ಮಾಡಿತು, ಯಾರು ತಲೆಬಾಗಿದರು, ಯಾರು ಜೈಲಿಗೆ ಹೋದರು ಎಂಬುದನ್ನು ಬರೆಯದೆ ಅದರ ಮುಂದಿನ ಅಧ್ಯಾಯವನ್ನು ಬರೆಯಲಾಗದು.

ಏಕೆಂದರೆ 1945ರ ನಂತರ ಬಂದದ್ದು ಆ ನಾಚಿಕೆಯಿಂದ ಪಾಠ ಕಲಿತ ಪಕ್ಷ. ಜರ್ಮನಿಯಲ್ಲಿ ಹಳೆಯ ಸೆಂಟ್ರುಮ್ಮನ್ನೇ ಮತ್ತೆ ಎಬ್ಬಿಸುವುದನ್ನು ಬಿಟ್ಟು ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಂದೇ ಪಕ್ಷದಲ್ಲಿ ಸೇರಿದರು. ಹೆಸರಿನಲ್ಲಿ ಯಾವ ಪಂಥವೂ ಬಾರದೆ ‘ಕ್ರಿಶ್ಚಿಯನ್’ ಎಂದಷ್ಟೇ ಬಂದದ್ದು ಅದಕ್ಕಾಗಿ. ನಾಜಿಗಳು ಕಲೋನ್ ನಗರದ ಮೇಯರ್ ಸ್ಥಾನದಿಂದ ಕಿತ್ತುಹಾಕಿದ್ದ ಕೊನ್ರಾಡ್ ಅಡೆನಾವರ್ 1949ರಲ್ಲಿ, 73ನೇ ವಯಸ್ಸಿನಲ್ಲಿ, ಬೇಕಾದ ಬಹುಮತಕ್ಕೆ ಒಂದು ಮತವೂ ಹೆಚ್ಚಿಲ್ಲದೆ ಚಾನ್ಸಲರ್ ಆದರು. ಹದಿನಾಲ್ಕು ವರ್ಷ ಆಳಿದರು. ಇಟಲಿಯಲ್ಲಿ ದೆ ಗಾಸ್ಪೆರಿ 1945ರಿಂದ 1953ರವರೆಗೆ ಪ್ರಧಾನಿ. ಮುಸ್ಸೊಲಿನಿಯ ಜೈಲು ಕಂಡು ಬಂದ ಆತ ಫ್ಯಾಸಿಸ್ಟ್ ವರ್ಷಗಳನ್ನು ವ್ಯಾಟಿಕನ್ ಗ್ರಂಥಾಲಯದ ನೌಕರಿಯಲ್ಲಿ ಕಳೆದಿದ್ದರು. ಫ್ರಾನ್ಸಿನ ವಿದೇಶಾಂಗ ಸಚಿವ ರೊಬೆರ್ ಶುಮಾನ್ ಸೇರಿದರೆ ಮೂವರು. ಮೂವರೂ ಗಡಿನಾಡಿನವರು, ಮೂವರೂ ಜರ್ಮನ್ ಮಾತನಾಡಬಲ್ಲವರು. 1950ರ ಮೇ 9ರಂದು ಶುಮಾನ್ ಮಾಡಿದ ಘೋಷಣೆಯಿಂದ ಕಲ್ಲಿದ್ದಲು ಮತ್ತು ಉಕ್ಕಿನ ಜಂಟಿ ಆಡಳಿತ ಹುಟ್ಟಿತು, ಅದರಿಂದ ಇಂದಿನ ಯೂರೋಪಿಯನ್ ಒಕ್ಕೂಟ. ಮಹಿಳೆಯರ ಮತವನ್ನೂ ಮರೆಯಬೇಡಿ: ಇಟಲಿಯಲ್ಲಿ 1946ರಲ್ಲಿ ಅವರು ಮೊದಲ ಬಾರಿಗೆ ಮತ ಹಾಕಿದರು, ಅದರ ಹೆಚ್ಚಿನ ಲಾಭ ಸಿಕ್ಕಿದ್ದು ದೆ ಗಾಸ್ಪೆರಿಯವರ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷಕ್ಕೆ. 1948ರಲ್ಲಿ ಅದು 48.5 ಪ್ರತಿಶತ ಮತ ಪಡೆಯಿತು.

ಇಷ್ಟು ಕಾಲ ಆಳಿದ್ದು ಹೇಗೆ ಎಂದು ಕೇಳಿದ್ದೀರಿ. ಜಪಮಾಲೆ ಹಿಡಿದು ಯಾರೂ ಅಷ್ಟು ವರ್ಷ ಗೆಲ್ಲಲಾರರು. ಜರ್ಮನಿಯ ಮೂರು ಕಾನೂನುಗಳನ್ನು ನೋಡಿ. 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಮಾಲೀಕರಷ್ಟೇ ಸ್ಥಾನ ಸಿಕ್ಕಿತು. 1952ರಲ್ಲಿ, ಯುದ್ಧದಲ್ಲಿ ಆಸ್ತಿ ಉಳಿಸಿಕೊಂಡವರು ಅದರ ಮೌಲ್ಯದ ಅರ್ಧದಷ್ಟನ್ನು ಮೂವತ್ತು ವರ್ಷಗಳ ಕಂತಿನಲ್ಲಿ ಕಟ್ಟಿ, ಎಲ್ಲವನ್ನೂ ಕಳೆದುಕೊಂಡು ಬಂದ ನಿರಾಶ್ರಿತರಿಗೆ ನೆರವಾಗಬೇಕೆಂಬ ಕಾನೂನು ಬಂತು. 1957ರಲ್ಲಿ ವೃದ್ಧರ ಪಿಂಚಣಿಯನ್ನು ಕೂಲಿಯ ಏರಿಕೆಗೆ ಜೋಡಿಸಿದರು. ಅದೇ ವರ್ಷದ ಚುನಾವಣೆಯಲ್ಲಿ ಬವೇರಿಯಾದ ಸೋದರ ಪಕ್ಷದೊಂದಿಗೆ 50.2 ಪ್ರತಿಶತ ಮತ. ಮಾರುಕಟ್ಟೆಯನ್ನು ಬಿಟ್ಟುಕೊಡದ ಹಣಕಾಸು ತಜ್ಞ ಲುಡ್‌ವಿಗ್ ಎರ್ಹಾರ್ಡ್ ಒಂದು ಕಡೆ, ಕಾರ್ಮಿಕ ಸಂಘಗಳಿಂದ ಬಂದ ಕ್ಯಾಥೊಲಿಕ್ ಮುಖಂಡರು ಇನ್ನೊಂದು ಕಡೆ. ಇಬ್ಬರ ಎಳೆದಾಟದಲ್ಲಿ ರೂಪುಗೊಂಡ ಆರ್ಥಿಕ ನೀತಿ ಇದು. ಜೊತೆಗೆ ಒಂದು ತತ್ವವಿತ್ತು: ಕುಟುಂಬ, ಊರು, ಸಂಘ ಮಾಡಬಲ್ಲ ಕೆಲಸವನ್ನು ರಾಜ್ಯ ಕಿತ್ತುಕೊಳ್ಳಬಾರದು; ಅವು ಸೋತಾಗ ರಾಜ್ಯ ಸುಮ್ಮನೆ ಕೂರಲೂಬಾರದು. 1931ರ ಪೋಪರ ಸುತ್ತೋಲೆಯಲ್ಲಿದ್ದ ಈ ಮಾತನ್ನು ಒಪ್ಪಲು ಯಾರೂ ಕ್ಯಾಥೊಲಿಕರಾಗಬೇಕಿಲ್ಲ. ನಮ್ಮ ಪಂಚಾಯತ್ ರಾಜ್ ಚರ್ಚೆಗಳಲ್ಲೂ ಇದೇ ವಾದ ಕೇಳಿಸುತ್ತದೆ. ಹೀಗೆ ಧರ್ಮದ ಹೆಸರು ಉಳಿಯಿತು, ಆದರೆ ಪಕ್ಷವನ್ನು ಸೇರಲು ಧರ್ಮದ ಪರೀಕ್ಷೆ ಇಲ್ಲವಾಯಿತು.

ಅಳಿವಿನ ಕಥೆಯೂ ಇದೆ. ಇಟಲಿಯ ಪಕ್ಷ ನಲವತ್ತಕ್ಕೂ ಹೆಚ್ಚು ವರ್ಷ ಪ್ರತಿ ಸರ್ಕಾರದಲ್ಲಿದ್ದು ಬಣಗಳ ಗೂಡಾಯಿತು. 1978ರಲ್ಲಿ ಅದರ ಅಧ್ಯಕ್ಷ ಆಲ್ಡೊ ಮೊರೊ ಅವರನ್ನು ರೆಡ್ ಬ್ರಿಗೇಡ್ ಉಗ್ರರು ಅಪಹರಿಸಿ ಕೊಂದರು. 1992ರಲ್ಲಿ ಮಿಲಾನಿನಲ್ಲಿ ಶುರುವಾದ ಲಂಚದ ತನಿಖೆ ಇಡೀ ಪಕ್ಷವನ್ನು ಕೆಡವಿತು. 1994ರಲ್ಲಿ ಅದು ಇಲ್ಲವಾಯಿತು. ನೆದರ್ಲೆಂಡ್ಸ್‌ನಲ್ಲಿ ಚರ್ಚಿಗೆ ಬರುವವರು ಕಡಿಮೆಯಾದಂತೆ ಒಂದು ಕ್ಯಾಥೊಲಿಕ್, ಎರಡು ಪ್ರಾಟೆಸ್ಟೆಂಟ್ ಪಕ್ಷಗಳು 1980ರಲ್ಲಿ ಒಂದಾದವು. ಚಿಲಿಯಲ್ಲಿ 1964ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಕ್ರಿಶ್ಚಿಯನ್ ಡೆಮಾಕ್ರಟ್ ಎಡುವಾರ್ಡೊ ಫ್ರೇ ಭೂಸುಧಾರಣೆ ತಂದರು, ಎಡಕ್ಕೂ ಬಲಕ್ಕೂ ಬೇಡವಾದರು. ಇತ್ತೀಚೆಗೆ, ಹಂಗೆರಿಯನ್ನು ಬಹುಕಾಲ ಆಳಿದ ವಿಕ್ಟರ್ ಓರ್ಬನ್ ತಮ್ಮ ರಾಜಕೀಯವನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಅವರ ಪಕ್ಷ 2021ರಲ್ಲಿ ಯೂರೋಪಿನ ಕ್ರಿಶ್ಚಿಯನ್ ಡೆಮಾಕ್ರಟರ ಒಕ್ಕೂಟದಿಂದ ಹೊರಗೆ ನಡೆಯಿತು. ನನ್ನ ದೃಷ್ಟಿಯಲ್ಲಿ ಅವರದು ಲುಯೆಗರನ ವಂಶ, ವಿಂಟ್‌ಹೋರ್ಸ್ಟನದಲ್ಲ.

ಇನ್ನು ನಮ್ಮಲ್ಲಿ ಏಕೆ ಹುಟ್ಟಲಿಲ್ಲ ಎಂಬುದು. ಸಂಖ್ಯೆ ಚಿಕ್ಕದು ಎಂಬುದು ಸುಲಭದ ಉತ್ತರ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು 1.87 ಪ್ರತಿಶತ. ಕಾನೂನು ಬಿಡುವುದಿಲ್ಲ ಎನ್ನುವವರೂ ಇದ್ದಾರೆ. ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ನಿಷೇಧಿಸುತ್ತದೆ ನಿಜ, ಆದರೆ ಮುಸ್ಲಿಂ ಲೀಗ್, ಅಕಾಲಿ ದಳ ಉಳಿದುಕೊಂಡೇ ಬಂದಿವೆ. ಮುಖ್ಯ ಕಾರಣ ಬೇರೆ ಎಂದು ನನ್ನ ವಾದ. ಯೂರೋಪ್ ನಲವತ್ತು ವರ್ಷ ಬಡಿದಾಡಿ ತಲುಪಿದ ಒಪ್ಪಂದವನ್ನು ನಾವು ಸಂವಿಧಾನದಲ್ಲೇ ಬರೆದುಕೊಂಡೆವು. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿತು, ಅನುದಾನದಲ್ಲಿ ತಾರತಮ್ಯ ಕೂಡದೆಂದಿತು. 28ನೇ ವಿಧಿ ಅನುದಾನಿತ ಶಾಲೆಯಲ್ಲಿ ಯಾರಿಗೂ ಧರ್ಮದ ಪಾಠವನ್ನು ಬಲವಂತ ಮಾಡುವಂತಿಲ್ಲ ಎಂದಿತು. ಪಕ್ಷ ಹುಟ್ಟಿಸುವ ಜಗಳಕ್ಕೆ ಜಾಗವೇ ಉಳಿಯಲಿಲ್ಲ. ಇದರಲ್ಲಿ ಕ್ರೈಸ್ತ ಮುಖಂಡರ ಪಾಲೂ ದೊಡ್ಡದು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿ, ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಇಬ್ಬರೂ, ನಮ್ಮ ಸಮುದಾಯಕ್ಕೆ ಮೀಸಲು ಸ್ಥಾನ ಬೇಡ ಎಂಬ ನಿಲುವಿನ ಜೊತೆ ನಿಂತರು.

ಶಾಲೆಯ ಪ್ರಶ್ನೆ ಕೆದಕಿದ ಕಡೆ ಏನಾಯಿತು ನೋಡಿ. ಕೇರಳದ ಕಮ್ಯುನಿಸ್ಟ್ ಸರ್ಕಾರ 1957ರಲ್ಲಿ ತಂದ ಶಿಕ್ಷಣ ಮಸೂದೆ ಖಾಸಗಿ ಶಾಲೆಗಳ ಶಿಕ್ಷಕರ ನೇಮಕಾತಿಗೆ ಕೈಹಾಕಿತು. ಶಿಕ್ಷಕರಿಗೆ ಅದರಿಂದ ಒಳಿತೂ ಇತ್ತು. ಆದರೆ ಕ್ರೈಸ್ತ ಆಡಳಿತ ಮಂಡಳಿಗಳು, ಮನ್ನತ್ತು ಪದ್ಮನಾಭನ್ ನೇತೃತ್ವದ ನಾಯರ್ ಸಂಘಟನೆ, ಕಾಂಗ್ರೆಸ್ ಎಲ್ಲ ಸೇರಿ ವಿಮೋಚನ ಸಮರ ಹೂಡಿದವು. 1959ರ ಜುಲೈ 31ರಂದು ಸರ್ಕಾರ ವಜಾ ಆಯಿತು. 1964ರಲ್ಲಿ ಕಾಂಗ್ರೆಸ್ ಒಡೆದು ಕೋಟ್ಟಯಂನಲ್ಲಿ ಕೇರಳ ಕಾಂಗ್ರೆಸ್ ಹುಟ್ಟಿತು; ಮಧ್ಯ ಕೇರಳದ ಸಿರಿಯನ್ ಕ್ರೈಸ್ತ ರೈತರು ಅದರ ಬೆನ್ನೆಲುಬು. ಹೆಸರಿನಲ್ಲಿ ಧರ್ಮವಿಲ್ಲದಿದ್ದರೂ ಬೆಲ್ಜಿಯಂನ ದಾರಿಗೆ ಭಾರತದಲ್ಲಿ ಅತಿ ಹತ್ತಿರ ಬಂದದ್ದು ಇದೊಂದೇ.

ನಮ್ಮ ಮಲೆನಾಡಿನಲ್ಲಿ ಅಂಥದ್ದಕ್ಕೆ ನೆಲವಿರಲಿಲ್ಲ. ಹಾಸನವನ್ನೂ ಒಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದದ್ದು 1963ರಲ್ಲಿ. ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮಾಲೀಕ, ರೈಟರ್, ಲೈನು ಮನೆಯ ಆಳು ಒಂದೇ ಇಗರ್ಜಿಗೆ ಬರುವುದುಂಟು. ಆದರೆ ಆಳಿನ ಸಂಘ ಕೆಂಪು ಬಾವುಟದ್ದೋ ಕಾಂಗ್ರೆಸ್ಸಿನದ್ದೋ ಆಗಿತ್ತು, ಸಾಲ ಸರ್ಕಾರಿ ಸಹಕಾರ ಸಂಘದ್ದು, ಪತ್ರಿಕೆ ಎಲ್ಲರೂ ಓದುವ ಪತ್ರಿಕೆ. ಬೆಲ್ಜಿಯಂನ ಕೂಲಿಗೆ ಇವೆಲ್ಲವನ್ನೂ ಒಂದೇ ಇಗರ್ಜಿ ಒದಗಿಸುತ್ತಿತ್ತು. ಇಲ್ಲಿ ಇಗರ್ಜಿ ಪೂಜೆ ಮತ್ತು ಶಾಲೆಯನ್ನಷ್ಟೇ ನೋಡಿಕೊಂಡಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿಗೆ ಸೇರಿ, ಅದನ್ನು ಬಿಟ್ಟು ಬೊಂಬಾಯಿಯಲ್ಲಿ ಕಾರ್ಮಿಕ ನಾಯಕರಾದರು. ಬೆಲ್ಜಿಯಂನಲ್ಲಿ ಹುಟ್ಟಿದ್ದರೆ ಡಾನ್ಸ್ ಆಗಬಹುದಾಗಿದ್ದ ಮನುಷ್ಯ ಇಲ್ಲಿ ಸಮಾಜವಾದಿಯಾದರು.

ಈಗ ನಿಮ್ಮ ದೇಶಕ್ಕೆ ಬರೋಣ. 1880ರ ಹೊತ್ತಿಗೆ ಶಾಲಾ ಕಾನೂನು ಬರಲಿ, ಅದರ ವಿರುದ್ಧ ಎರಡು ಪಕ್ಷಗಳು ಹುಟ್ಟಲಿ: ಒಂದು ಕ್ಯಾಥೊಲಿಕ್, ಇನ್ನೊಂದು ಪ್ರಾಟೆಸ್ಟೆಂಟ್. ಅವು ಪರಸ್ಪರ ನಂಬದೆಯೇ ಮೈತ್ರಿ ಮಾಡಿಕೊಳ್ಳಲಿ. ಎರಡೂ ಒಂದಾಗುವುದು 1945ರ ನಂತರ, ನಾಚಿಕೆ ಮತ್ತು ಅವಶೇಷಗಳ ನಡುವೆ. ಹಾಗೆ ಒಂದಾದ ಪಕ್ಷದಲ್ಲಿ ಅಧ್ಯಕ್ಷ ಒಂದು ಪಂಥದವನಾದರೆ ಕಾರ್ಯದರ್ಶಿ ಇನ್ನೊಂದು ಪಂಥದವನಾಗಬೇಕೆಂಬ ಅಲಿಖಿತ ನಿಯಮ ಇರಲಿ. ಒಳಗೆ ಮೂರು ಬಣ ಇಡಿ: ರೈತರದು, ಕಾರ್ಮಿಕ ಸಂಘದ್ದು, ಉದ್ಯಮಿಗಳದು. ಮೈತ್ರಿ ಮಾತುಕತೆಯಲ್ಲಿ ಅವರು ಮೊದಲು ಕೇಳುವ ಖಾತೆಗಳು ಶಿಕ್ಷಣ, ಕೃಷಿ, ಕಾರ್ಮಿಕ. ಸದನದಲ್ಲಿ ಕನಿಷ್ಠ ಕೂಲಿಯ ಮಸೂದೆ ಬಂದರೆ ನಿಮ್ಮ ಪಕ್ಷ ಒಂದೇ ದನಿಯಲ್ಲಿ ಮಾತನಾಡಬಾರದು. ಕಾರ್ಮಿಕ ಬಣದವರು ಎದ್ದು 1891ರ ಸುತ್ತೋಲೆಯನ್ನು ಸಭೆಯಲ್ಲಿ ಓದಲಿ, ಉದ್ಯಮಿ ಬಣ ತಿದ್ದುಪಡಿ ತರಲಿ, ಕೊನೆಗೆ ಇಬ್ಬರಿಗೂ ಪೂರ್ತಿ ಒಪ್ಪಿಗೆಯಿಲ್ಲದ ಒಂದು ಕರಡಿಗೆ ಪಕ್ಷದ ಎಲ್ಲರೂ ಕೈಯೆತ್ತಲಿ. ಶಾಲಾ ಅನುದಾನದ ಮಸೂದೆ ಬಂದಾಗ ಮಾತ್ರ ಮೂರು ಬಣಗಳೂ ಒಂದೇ ಸಾಲಿನಲ್ಲಿ ನಿಲ್ಲಬೇಕು.